ಊಹೆಯ ಮುಖ

ಫಳ್ನೀರ್, ಮಂಗಳೂರು
22 ಸೆಪ್ಟೆಂಬರ್ 2024, ಆದಿತ್ಯವಾರ ಸಂಜೆ

ಪ್ರೀತಿಯ ಎಲೇನ್ ಬಾಯ್,

ಹೇಗಿದ್ದೀ? ಕೆಮ್ಮು ಕಡಿಮೆ ಆಯಿತಾ? ಕಳೆದ ಸಲ ನಾನು ಬಂದಾಗ ನೀನು ಮಾತಿನ ಮಧ್ಯೆ ಮುಖವನ್ನು ಆಚೆ ತಿರುಗಿಸಿ ಕೆಮ್ಮುತ್ತಿದ್ದೆ, ಕೇಳಿದರೆ ಮಳೆಗಾಲದ್ದು, ಹೋಗುತ್ತದೆ ಎಂದೆ. ಘಟ್ಟದ ಮೇಲಿನ ಬೆಳಗಿನ ಚಳಿ ನಮ್ಮ ಮಂಗಳೂರಿನವರ ಎದೆಗೆ ಆಗಿಬರುವುದಿಲ್ಲ. ತಾಯಿಯಾಗಿ ಹೇಳುವುದಾದರೆ, ಉಪ್ಪು ಹಾಕಿದ ಬಿಸಿನೀರಿನಲ್ಲಿ ಗಂಟಲು ತೊಳೆದುಕೋ, ಪ್ರಾರ್ಥನೆಗೆ ಏಳುವಾಗ ಕಾಲುಚೀಲ ಹಾಕಿಕೋ. ನರ್ಸ್ ಆಗಿ ಹೇಳುವುದಾದರೆ, ಈಗಲೂ ಕೆಮ್ಮು ಉಂಟಾದರೆ ಒಂದು ಎಕ್ಸ್‌ರೇ ತೆಗೆಸಲೇಬೇಕು. ಮೊಣಕಾಲಿಗೆ ಕಳುಹಿಸಿದ ಎಣ್ಣೆ ಮುಗಿದಿರಬೇಕು. ಈ ಸಲ ಬರುವಾಗ ತರುತ್ತೇನೆ.

ನಿನಗಿಂತ ಮೊದಲು ಈ ಪತ್ರ ಓದುವ ಮದರ್ ಅವರಿಗೂ ನನ್ನ ವಂದನೆಗಳು. ಮದರ್, ನಿಮಗೆ ಕೊಂಕಣಿ ಬಾರದು ಎಂದು ಎಲೇನ್ ಹೇಳಿದಂದಿನಿಂದ ನಾನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಕನ್ನಡ ಮೀಡಿಯಂನಲ್ಲಿ ಕಲಿತದ್ದು ಹೀಗೆ ಉಪಯೋಗಕ್ಕೆ ಬಂತು. ಈ ಸಲ ಪತ್ರ ಉದ್ದ ಆಗಬಹುದು, ಮನೆಯ ಒಳಗಿನ ಮಾತೂ ಉಂಟು. ಬೇಜಾರು ಮಾಡಬೇಡಿ. ಹೊರಗೆ ಬರುವ ಹಾಗಿಲ್ಲದ, ಫೋನಿಲ್ಲದ ಮಠದಲ್ಲಿ ಮಗಳಿರುವಾಗ ತಾಯಿಯಾದವಳು ಮನಸ್ಸಿನಲ್ಲಿದ್ದುದನ್ನು ಕಾಗದದಲ್ಲೇ ಹೇಳಬೇಕಲ್ಲ. ಮೂರು ತಿಂಗಳಿಗೊಮ್ಮೆ ಸರಳುಗಳ ಆಚೆ ಅವಳು, ಈಚೆ ನಾನು ಕೂತಾಗ ಎಣ್ಣೆ, ಉಪ್ಪಿನಕಾಯಿ, ಸಂಬಂಧಿಕರ ಮದುವೆ ಇಷ್ಟರಲ್ಲೇ ಹೊತ್ತು ಮುಗಿಯುತ್ತದೆ. ದೊಡ್ಡ ಮಾತೆಲ್ಲ ಬಸ್ಸಿನಲ್ಲಿ ಘಟ್ಟ ಇಳಿಯುವಾಗ ನೆನಪಾಗುತ್ತದೆ.

ನಾನು ಆರಾಮ ಇದ್ದೇನೆ. ನರ್ಸಿಂಗ್ ಹೋಮಿನಲ್ಲಿ ಡೆಂಗ್ಯೂ ರೋಗಿಗಳು ಇನ್ನೂ ಬರುತ್ತಾ ಇದ್ದಾರೆ, ಡ್ಯೂಟಿ ಮುಗಿದರೂ ಬಿಡುಗಡೆ ಇಲ್ಲ. ಪಪ್ಪನ ಬಿಪಿ ಹತೋಟಿಯಲ್ಲಿ ಉಂಟು. ಬೆಳಿಗ್ಗೆ ಪೇಪರ್, ಮಧ್ಯಾಹ್ನ ನಿದ್ರೆ, ಸಂಜೆ ಬಾಲ್ಕನಿ, ಆಮೇಲೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಊಟ. ಇದರ ಮಧ್ಯೆ ನಾವು ಆಡುವ ಮಾತೆಂದರೆ ಗ್ಯಾಸ್ ಬಂತಾ, ನೀರು ಬಂತಾ, ಮಾತ್ರೆ ತೆಗೊಂಡಾಯಿತಾ. ಜಗಳ ಏನೂ ಇಲ್ಲ. ಜಗಳವಾದರೂ ಆಗಿದ್ದರೆ ಮನೆಯಲ್ಲಿ ಸ್ವಲ್ಪ ಶಬ್ದ ಇರುತ್ತಿತ್ತು. ಎದುರಿನ ಆಸ್ಪತ್ರೆಗೆ ಆಂಬುಲೆನ್ಸ್ ಬಂದರೆ ಇಬ್ಬರೂ ಒಟ್ಟಿಗೆ ತಲೆ ಎತ್ತುತ್ತೇವೆ, ಅದು ನಿಂತ ಮೇಲೆ ಇಬ್ಬರೂ ಒಟ್ಟಿಗೆ ತಲೆ ತಗ್ಗಿಸುತ್ತೇವೆ. ಇಬ್ಬರಿರುವ ಮನೆಯಲ್ಲಿ ಒಬ್ಬಳೇ ಇರುವುದು ಹೇಗೆ ಎಂದು ನೀನು ಹೋದ ಮೇಲೆ ನನಗೆ ಗೊತ್ತಾಯಿತು. ನಿನ್ನನ್ನು ದೂರುವುದಲ್ಲ ಬಾಯ್. ಇದ್ದದ್ದನ್ನು ಹೇಳುತ್ತಿದ್ದೇನೆ.

ಈಗ ಸುದ್ದಿ. ನಗಬೇಡ. ನಾನು ಫೋಟೋಗ್ರಫಿ ಕಲಿಯಲು ಹೋದೆ. ನಮ್ಮ ನರ್ಸಿಂಗ್ ಹೋಮಿನ ನೋಟೀಸ್ ಬೋರ್ಡಿನಲ್ಲಿ ಯಾರೋ ಒಂದು ಕಾಗದ ಅಂಟಿಸಿದ್ದರು. ಆದಿತ್ಯವಾರದ ತರಗತಿ, ಹಂಪನಕಟ್ಟೆಯಲ್ಲಿ, ಕ್ಯಾಮೆರಾ ಹಿಡಿಯುವುದರಿಂದ ಹಿಡಿದು ಕಂಪ್ಯೂಟರಿನಲ್ಲಿ ಎಡಿಟಿಂಗ್ ಮಾಡುವವರೆಗೆ, ವಯಸ್ಸಿನ ಮಿತಿ ಇಲ್ಲ. ಆ ಕೊನೆಯ ಮಾತು ನನಗೇ ಬರೆದ ಹಾಗೆ ಇತ್ತು. ಯಾಕೆ ಹೋದೆ ಎಂದು ನಿನಗೆ ಹೇಳಬೇಕು. ನಿನ್ನ ಸನ್ಯಾಸದ ಮೊದಲ ವ್ರತದ ದಿನ ಪೂಜೆ ಮುಗಿದು, ಜಾಲರಿಯ ಹಿಂದೆ ನೀನು ಬಿಳಿ ವೇಲ್ ಹಾಕಿ ನಿಂತಾಗ, ಈಗ ಬೇಕಾದರೆ ಒಂದು ಫೋಟೋ ತೆಗೆಯಿರಿ ಎಂದು ಮದರ್ ಹೇಳಿದರು. ನಾನು ಫೋನ್ ಎತ್ತಿ ತೆಗೆದೆ. ಮನೆಗೆ ಬಂದು ನೋಡಿದರೆ ವೇಲ್ ಉಂಟು, ಜಾಲರಿ ಉಂಟು, ಹಿಂದಿನ ಗೋಡೆಯ ಶಿಲುಬೆ ಕೂಡ ಚಂದ ಬಿದ್ದಿದೆ. ನಿನ್ನ ಮುಖ ಇರಬೇಕಾದ ಜಾಗದಲ್ಲಿ ಹೊಗೆ. ಹೊಸ ಬದುಕಿನ ನಿನ್ನ ಒಂದೇ ಒಂದು ಫೋಟೋ ಅದು, ಮತ್ತೆ ತೆಗೆಯುವ ಹಾಗೂ ಇಲ್ಲ. ಎಷ್ಟೋ ಸಲ ಅದನ್ನು ದೊಡ್ಡದು ಮಾಡಿ ನೋಡಿದ್ದೇನೆ. ದೊಡ್ಡದು ಮಾಡಿದಷ್ಟೂ ಹೊಗೆ ದೊಡ್ಡದಾಗುತ್ತದೆ.

ಆ ದಿನ ಪಪ್ಪ ಬರಲಿಲ್ಲ. ಆಮೇಲೆಯೂ ಒಂದು ಭೇಟಿಗೂ ಬಂದಿಲ್ಲ. ಅದರ ವಿಷಯ ನಾನು ನಿನ್ನೊಡನೆ ಮಾತಾಡಿದ್ದು ಕಡಿಮೆ. ನೀನೂ ಕೇಳುವುದಿಲ್ಲ, ಪಪ್ಪ ಚೆನ್ನಾಗಿದ್ದಾರಾ ಎಂದಷ್ಟೇ ಕೇಳಿ ತಲೆ ಬಗ್ಗಿಸುತ್ತೀ. ಒಮ್ಮೆ, ನೀನು ಹೋದ ಹೊಸದರಲ್ಲಿ, ನಾನು ತಡೆಯಲಾರದೆ ಕೇಳಿದ್ದೆ, ಮಗಳ ಮುಖ ನೋಡಬೇಕು ಅಂತ ಆಗುವುದಿಲ್ಲವಾ ಎಂದು. ಪೇಪರಿನಿಂದ ಕಣ್ಣು ತೆಗೆಯದೆ ಅವರು ಹೇಳಿದ್ದು ಇಷ್ಟೆ: “ಬಾಗಿಲು ಹಾಕ್ಕೊಂಡದ್ದು ಅವಳು, ನಾನಲ್ಲ.” ಆಮೇಲೆ ಈ ಮನೆಯಲ್ಲಿ ನಿನ್ನ ಹೆಸರು ಯಾರೂ ಎತ್ತಲಿಲ್ಲ. ಅವರ ಸಂಕಟ ನನಗೆ ಗೊತ್ತಾಗದೆ ಇಲ್ಲ. ನೀನು ತೊಟ್ಟಿಲಲ್ಲಿರುವಾಗ ಮಸ್ಕತ್ತಿಗೆ ಹೋದವರು. ವರ್ಷಕ್ಕೆ ಒಂದು ರಜೆ, ಕೆಲವು ವರ್ಷ ಅದೂ ಇಲ್ಲ. ಮಗಳು ಓದಿ ಕೆಲಸಕ್ಕೆ ಸೇರಿದ ಮೇಲೆ ಊರಿಗೆ ಬಂದು ಅವಳೊಟ್ಟಿಗೆ ಕೂತು ಊಟ ಮಾಡುತ್ತೇನೆ ಎಂದು ಅಲ್ಲಿ ಬಿಸಿಲಿನಲ್ಲಿ ಸ್ಟೋರ್ ಕಾದವರು. ಅವರು ಪೂರ್ತಿಯಾಗಿ ಊರಿಗೆ ಬಂದ ಮರುವರ್ಷವೇ ನೀನು ಕಾಲೇಜಿನ ಕೆಲಸ ಬಿಟ್ಟು ಮಠಕ್ಕೆ ಸೇರುತ್ತೇನೆ ಎಂದೆ. ದೇವರು ಕರೆದರೆ ಇಲ್ಲ ಎನ್ನಲು ನಾವು ಯಾರು. ಆದರೂ ದೇವರಿಗೆ ಇನ್ನೊಂದೆರಡು ವರ್ಷ ತಾಳ್ಮೆ ಇರಬಹುದಿತ್ತು. ಮದರ್, ಇದನ್ನು ದಯವಿಟ್ಟು ಕ್ಷಮಿಸಿ.

ತರಗತಿಗೆ ಕ್ಯಾಮೆರಾ ಬೇಕಲ್ಲ. ಪಪ್ಪ ಮಸ್ಕತ್ತಿನಿಂದ ತಂದ ದೊಡ್ಡ ಕ್ಯಾಮೆರಾ ನಿನಗೆ ನೆನಪಿರಬೇಕು, ರಜೆಯಲ್ಲಿ ಬಂದಾಗ ನಮ್ಮನ್ನು ಊಟಕ್ಕೂ ಬಿಡದೆ ತೆಗೆಯುತ್ತಿದ್ದರು. ಅದು ಕಪಾಟಿನ ಮೇಲಿನ ಖಾನೆಯಲ್ಲಿ ಟವೆಲಿನಲ್ಲಿ ಸುತ್ತಿಕೊಂಡು ಕೂತಿತ್ತು. ಕೇಳಿದರೆ ಎಂತ ಹೇಳುತ್ತಾರೋ ಎಂದು ಕೇಳದೆಯೇ ತೆಗೆದುಕೊಂಡು ಹೋದೆ. ಬಂದು ಹಾಗೆಯೇ ಸುತ್ತಿ ಇಟ್ಟೆ. ಮುಂದಿನ ಆದಿತ್ಯವಾರ ತೆಗೆಯುವಾಗ ಬ್ಯಾಟರಿ ಪೂರ್ತಿ ಚಾರ್ಜ್ ಆಗಿತ್ತು. ನಾನು ಚಾರ್ಜಿಗೆ ಇಟ್ಟಿರಲಿಲ್ಲ. ಅದರ ವಿಷಯವೂ ನಾವು ಮಾತಾಡಲಿಲ್ಲ.

ಹಂಪನಕಟ್ಟೆಯಲ್ಲಿ ಮುಚ್ಚಿದ ಒಂದು ಬಟ್ಟೆ ಅಂಗಡಿಯ ಮೇಲಿನ ಹಾಲ್‌ನಲ್ಲಿ ತರಗತಿ. ಮರದ ಮೆಟ್ಟಿಲು, ಕಿಟಕಿ ತೆಗೆದರೆ ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್ ಎಂದು ಕಂಡಕ್ಟರುಗಳ ಕೂಗು, ಮುಚ್ಚಿದರೆ ಸೆಕೆ. ಕಲಿಸುವವರು ಕಮಲೇಶ್ ಎಂದು, ಉರ್ವದ ಮೊಗವೀರರು, ಮೊದಲು ಪೇಪರಿನಲ್ಲಿ ಫೋಟೋಗ್ರಾಫರ್ ಆಗಿದ್ದವರು, ಈಗ ಮದುವೆ ಫೋಟೋ ತೆಗೆಯುತ್ತಾರೆ. ಉಳಿದವರೆಲ್ಲ ನಿನಗಿಂತ ಚಿಕ್ಕವರು. ಮೊದಲ ದಿನ ನಾನು ಒಳಗೆ ಹೋದಾಗ ಯಾರದೋ ತಾಯಿ ಮಗನನ್ನು ಬಿಡಲು ಬಂದದ್ದು ಎಂದುಕೊಂಡು ಒಬ್ಬಳು ಕುರ್ಚಿ ಕೊಟ್ಟಳು. ಅವಳೇ ಮೆಲಿಸಾ, ಬಿಸಿಎ ಓದುವ ಹುಡುಗಿ, ಆಮೇಲೆ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಕಮಲೇಶ್ ನನ್ನನ್ನು ಇಲ್ಲಿಯ ರೂಢಿಯಂತೆ ಬಾಯಮ್ಮ ಎಂದು ಕರೆದರು. ಒಳ್ಳೆಯ ಮನುಷ್ಯ, ಗಟ್ಟಿ ಮಾತಾಡುವುದಿಲ್ಲ. ಶಟರ್ ಎಂದರೆ ಕಿಟಕಿಯ ಬಾಗಿಲು ಇದ್ದ ಹಾಗೆ, ಬೆಳಕು ಕಡಿಮೆ ಇದ್ದಲ್ಲಿ ಕ್ಯಾಮೆರಾ ಆ ಬಾಗಿಲನ್ನು ಜಾಸ್ತಿ ಹೊತ್ತು ತೆರೆದಿಡುತ್ತದೆ, ಅಷ್ಟರಲ್ಲಿ ಅಲುಗಿದ್ದೆಲ್ಲ ಮಸುಕಾಗುತ್ತದೆ ಎಂದು ಅವರು ವಿವರಿಸಿದಾಗ ನನಗೆ ನಿಮ್ಮ ಚ್ಯಾಪೆಲ್ ಕಣ್ಣಿಗೆ ಕಟ್ಟಿತು. ಗೋಡೆ ಅಲುಗಲಿಲ್ಲ, ಶಿಲುಬೆ ಅಲುಗಲಿಲ್ಲ. ನೀನು ಅಲುಗಿದೆ. ನನ್ನ ಕೈಯೂ ಅಲುಗಿರಬೇಕು. ಇಷ್ಟು ವರ್ಷ ಇಂಜೆಕ್ಷನ್ ಕೊಟ್ಟ ಕೈ.

ಒಂದು ಬೆಳಿಗ್ಗೆ ನಮ್ಮನ್ನು ಬಂದರಿನ ದಕ್ಕೆಗೆ ಕರೆದುಕೊಂಡು ಹೋದರು. ಮೀನು ಏಲಂ ಕೂಗುವವರು, ಮಂಜುಗಡ್ಡೆ ಒಡೆಯುವವರು, ಎಲ್ಲರೂ ಕಮಲೇಶರಿಗೆ ಗುರುತಿನವರೇ. ನಾನು ಬುಟ್ಟಿ ಇಟ್ಟುಕೊಂಡು ಕೂತ ಒಬ್ಬ ಹೆಂಗಸಿನ ಹತ್ತಿರ ಬಗ್ಗಿ ಫೋಕಸ್ ಮಾಡುತ್ತಾ ಇದ್ದೆ. ಎಷ್ಟು ಹೊತ್ತಾದರೂ ಮುಗಿಯದ್ದು ನೋಡಿ ಆ ಹೆಂಗಸೇ, “ಎಂತ ಬಾಯಮ್ಮ, ಮೊದಲು ಮೀನು ತೆಗೊಳ್ಳಿ, ಫೋಟೋ ಮತ್ತೆ” ಎಂದರು. ಬಂಗುಡೆ ತೆಗೆದುಕೊಂಡೆ, ಫೋಟೋ ಕೂಡ ಚಂದ ಬಂತು. ತರಗತಿ ಮುಗಿದ ಮೇಲೆ ಜೊತೆಯ ಮಕ್ಕಳೆಲ್ಲ ಒಟ್ಟಿಗೆ ಐಸ್‌ಕ್ರೀಮಿಗೆ ಹೋಗುತ್ತಾರೆ, ನನ್ನನ್ನೂ ಕರೆಯುತ್ತಾರೆ. ನಾನಿದ್ದರೆ ಅವರಿಗೆ ಮಾತಾಡಲು ಸಂಕೋಚ ಎಂದು ಏನೋ ನೆಪ ಹೇಳಿ ಫಳ್ನೀರಿಗೆ ನಡೆದು ಬರುತ್ತಿದ್ದೆ. ತೆಗೆದ ಫೋಟೋ ಯಾರಿಗಾದರೂ ತೋರಿಸಬೇಕು ಎಂದು ಆಗುತ್ತದೆ ನೋಡು. ದಾರಿಯಲ್ಲಿ ನಿನಗೆ ತೋರಿಸುತ್ತಾ ಬರುತ್ತಿದ್ದೆ, ಇದು ನೋಡು, ಇದರಲ್ಲಿ ಬೆಳಕು ನೋಡು ಎಂದು. ತುಟಿ ಅಲ್ಲಾಡುತ್ತಿತ್ತೋ ಏನೋ, ಒಂದು ಸಲ ಆಟೋದವನು ನಿಲ್ಲಿಸಿ ನನ್ನನ್ನೇ ಕರೆದದ್ದಾ ಎಂದು ಕೇಳಿದ.

ಒಂದು ವಾರ ಮನೆಪಾಠ ಕೊಟ್ಟರು, ನಿಮ್ಮ ಮನೆಯಲ್ಲಿರುವ ಒಬ್ಬರ ಫೋಟೋ ತೆಗೆದು ತನ್ನಿ ಎಂದು. ನನ್ನ ಮನೆಯಲ್ಲಿ ಇರುವುದು ಒಬ್ಬರೇ. ನಾನು ಕ್ಯಾಮೆರಾ ಎತ್ತಿದರೆ ಅವರು ಪೇಪರ್ ಎತ್ತುತ್ತಾರೆ. ಹಾಗಾಗಿ ಬಾಲ್ಕನಿಯಲ್ಲಿ ನಿಂತ ಅವರ ಬೆನ್ನು ತೆಗೆದೆ. ಪೇಪರ್ ಹಿಡಿದ ಬೆರಳು ತೆಗೆದೆ. ಮಲಗಿದಾಗ ಮಂಚದ ಕೆಳಗಿನ ಚಪ್ಪಲಿ ತೆಗೆದೆ. ಆದಿತ್ಯವಾರ ಅದನ್ನೆಲ್ಲ ಗೋಡೆಯ ಮೇಲೆ ದೊಡ್ಡದಾಗಿ ಹಾಕಿ ತೋರಿಸುವಾಗ ಕಮಲೇಶ್ ಬೆನ್ನಿನ ಫೋಟೋವನ್ನು ಮೆಚ್ಚಿಕೊಂಡರು, ಆಮೇಲೆ ತಮಾಷೆಗೆ, “ಇವರಿಗೆ ಮುಖ ಇಲ್ವಾ ಬಾಯಮ್ಮ?” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ದಿನ ನಡೆಯಲು ಆಗಲಿಲ್ಲ, ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂತು ಕರ್ಚೀಫು ಬಾಯಿಗೆ ಹಿಡಿದು ಅತ್ತೆ. ಮನೆಯಲ್ಲಿ ಒಬ್ಬರ ಬೆನ್ನು, ಫೋನಿನಲ್ಲಿ ಇನ್ನೊಬ್ಬರ ಹೊಗೆ. ನನ್ನ ಸಂಸಾರ ಇಷ್ಟೇ ಎಂದು ಆಯಿತು.

ಆಗಸ್ಟಿನಲ್ಲಿ ಎಡಿಟಿಂಗ್ ಶುರುವಾಯಿತು. ಪಾಪ, ಮೆಲಿಸಾ ತನ್ನ ಹಳೆಯ ಲ್ಯಾಪ್‌ಟಾಪನ್ನು ನನಗೆ ಕಲಿಯಲು ಕೊಟ್ಟಳು. ಮೊದಲೆರಡು ವಾರ ನನಗೆ ಮೌಸ್ ಹಿಡಿಯುವುದೇ ಕಷ್ಟ. ಆಮೇಲೆ ಲೇಯರ್ ಎಂದರೆ ಎಂತ ಎಂದು ತಿಳಿಯಿತು. ಎಕ್ಸ್‌ರೇ ಫಿಲ್ಮಿನ ಮೇಲೆ ಇನ್ನೊಂದು ಫಿಲ್ಮ್ ಇಟ್ಟ ಹಾಗೆ, ಮೇಲಿನದನ್ನು ಒರೆಸಿದರೆ ಕೆಳಗಿನದು ಕಾಣುತ್ತದೆ. ಕತ್ತಲೆಯಲ್ಲಿ ತೆಗೆದ ಫೋಟೋಕ್ಕೆ ಬೆಳಕು ಬರಿಸಲು ಕಲಿತೆ, ಮೋಡದ ದಿನದ ಸಮುದ್ರಕ್ಕೆ ಬಣ್ಣ ಕೊಡಲು ಕಲಿತೆ. ಎಲ್ಲ ಕಲಿತ ಮೇಲೆ ನಾನು ಯಾವುದಕ್ಕೆ ಬಂದಿದ್ದೆನೋ ಅದನ್ನು ತೆಗೆದೆ. ನಿನ್ನ ಫೋಟೋವನ್ನು ಮೆಲಿಸಾಳಿಗೆ ತೋರಿಸಿ ಇದನ್ನು ಸರಿ ಮಾಡಲಿಕ್ಕೆ ಆಗ್ತದಾ ಎಂದು ಕೇಳಿದೆ. ಆಗ್ತದೆ ಆಂಟಿ, ಈಗ ಅದಕ್ಕೇ ಒಂದು ಸಾಫ್ಟ್‌ವೇರ್ ಉಂಟು, ಒಂದು ಕ್ಲಿಕ್ ಅಷ್ಟೆ ಎಂದಳು. ಒತ್ತಿದಳು. ಪರದೆಯ ಮೇಲೆ ಹೊಗೆ ಸರಿಯಿತು, ಕಣ್ಣು ಬಂತು, ಮೂಗು ಬಂತು, ರೆಪ್ಪೆಯ ಕೂದಲು ಸಹ ಒಂದೊಂದಾಗಿ ಬಂತು. ಸುತ್ತ ಕೂತ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ವೇಲಿನ ಒಳಗೆ ಒಬ್ಬಳು ಚಂದದ ಹುಡುಗಿ ನನ್ನನ್ನು ನೋಡುತ್ತಿದ್ದಳು. ನಾನು ಅವಳನ್ನು ಎಲ್ಲಿಯೂ ನೋಡಿರಲಿಲ್ಲ.

ಕಮಲೇಶ್ ಬಂದು ನೋಡಿದರು. ನನ್ನ ಮುಖ ನೋಡಿ ಅವರಿಗೆ ಗೊತ್ತಾಗಿರಬೇಕು. ಮೆಲ್ಲಗೆ ಹೇಳಿದರು, “ಅದು ನೋಡಿ ಮಾಡಿದ್ದಲ್ಲ ಬಾಯಮ್ಮ, ಊಹೆ. ಲಕ್ಷಗಟ್ಟಲೆ ಮುಖ ನೋಡಿ ಇಟ್ಟಿರ್ತದೆ, ಕಾಣದ ಜಾಗಕ್ಕೆ ಅದರಲ್ಲಿ ಒಂದನ್ನು ತಂದು ಕೂರಿಸ್ತದೆ.” ಪ್ರಿಂಟ್ ತೆಗೆಸಬೇಡಿ ಎಂದೂ ಹೇಳಿದರು. ಆದರೂ ನಾನು ತೆಗೆಸಿದೆ ಬಾಯ್. ಯಾಕೆಂದು ಕೇಳಿದರೆ ಹೇಳಲು ಬರುವುದಿಲ್ಲ. ಎರಡು ವರ್ಷ ಹೊಗೆ ನೋಡಿದವಳಿಗೆ ಯಾರದಾದರೂ ಆಗಲಿ ಒಂದು ಮುಖ ಸಾಕು ಎಂದು ಆಗಿರಬೇಕು. ಫ್ರೇಮ್ ಹಾಕಿಸಿ ತಂದು ಮನೆಯ ದೇವರ ಆಲ್ತಾರಿನಲ್ಲಿ, ಮೇಣದ ಬತ್ತಿಯ ಪಕ್ಕದಲ್ಲಿ ಇಟ್ಟೆ. ಪಪ್ಪ ಏನಾದರೂ ಹೇಳಿಯಾರು ಎಂದು ನಾನು ಎಣಿಸಿರಲಿಲ್ಲ. ಅವರು ಆಲ್ತಾರಿನ ಎದುರು ಕಣ್ಣು ಮುಚ್ಚಿಯೇ ಕೂರುವವರು.

ಆ ಸಂಜೆ ತೇರ್ಸ್ ಅವರೇ ನಡೆಸುತ್ತಿದ್ದರು. ಅರ್ಧ ಆಗಿರಬೇಕು, ನಮೋ ಮರಿಯಾ ಹೇಳುತ್ತಾ ಇದ್ದವರು ನಿಂತುಬಿಟ್ಟರು. ಮರೆತರೇನೋ ಎಂದು ನಾನು ಮುಂದಿನ ಸಾಲು ಎತ್ತಿಕೊಟ್ಟೆ. ಅವರು ಎದ್ದು ಹೋಗಿ ಕನ್ನಡಕ ತಂದರು, ಫ್ರೇಮನ್ನು ಕೈಯಲ್ಲಿ ಹಿಡಿದು ಟ್ಯೂಬ್‌ಲೈಟಿನ ಕೆಳಗೆ ನಿಂತರು. ಮುಂದಿನ ಮಾತು ಕೊಂಕಣಿಯಲ್ಲಿ ಆದದ್ದು, ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ.

“ಇದು ಯಾರು?” ಎಂದು ಕೇಳಿದರು.

ಎಲೇನ್ ಎಂದೆ.

“ಅಲ್ಲ,” ಎಂದರು. “ಇದು ಎಲೇನ್ ಅಲ್ಲ. ಹಣೆಯಲ್ಲಿ ಸೀತಾಳೆ ಸಿಡುಬಿನ ಕಲೆ ಎಲ್ಲಿ? ಅವಳ ಎಡಗಣ್ಣು ಬಲಗಣ್ಣಿಗಿಂತ ಸಣ್ಣದು. ನಿನಗೆ ಅಷ್ಟೂ ಗೊತ್ತಾಗುವುದಿಲ್ವಾ ಜೂಲಿ?”

ಈ ಮನೆಯಲ್ಲಿ ಅವರ ಬಾಯಿಂದ ನಿನ್ನ ಹೆಸರು ಬಂದಿತ್ತು, ಅದೂ ಎಲ್ಲಿಲ್ಲದ ಸಿಟ್ಟಿನಲ್ಲಿ, ನಿನ್ನನ್ನು ಯಾರೋ ಕದ್ದ ಹಾಗೆ. ತೇರ್ಸ್ ಅರ್ಧಕ್ಕೆ ನಿಂತದ್ದು ಇಬ್ಬರಿಗೂ ನೆನಪಾಗಲಿಲ್ಲ. ಹೇಗೆ ಮಾಡಿದ್ದು, ಯಾರು ಮಾಡಿದ್ದು ಎಂದೆಲ್ಲ ಕೇಳಿದರು, ನಾನು ಹೇಳಿದೆ. ಮರುದಿನ ಡ್ಯೂಟಿಯಿಂದ ಬಂದು ನೋಡಿದರೆ ಊಟದ ಮೇಜಿನ ಮೇಲೆ ಅವರ ಹಳೆಯ ಹಾರ್ಡ್‌ಡಿಸ್ಕ್, ಪಕ್ಕದಲ್ಲಿ ಮೆಲಿಸಾಳ ಲ್ಯಾಪ್‌ಟಾಪ್, ಎರಡು ಕುರ್ಚಿ. ರಜೆಗಳಲ್ಲಿ ತೆಗೆದ ನಿನ್ನ ಫೋಟೋಗಳನ್ನೆಲ್ಲ, ರೀಲಿನ ಕಾಲದವನ್ನೂ ಸ್ಕ್ಯಾನ್ ಮಾಡಿಸಿ, ವರ್ಷ ವರ್ಷಕ್ಕೆ ಬೇರೆ ಬೇರೆ ಮಾಡಿ ಇಟ್ಟಿದ್ದರು. ಇದರಿಂದ ಕಣ್ಣು ತೆಗೋ, ಇದರಿಂದ ಹಣೆ ತೆಗೋ ಎಂದರು. ಊಹೆ ಬೇಡ, ಇದ್ದದ್ದೇ ಹಾಕುವ.

ಹಾಗೆ ಸಂಜೆ ಸಂಜೆ ಕೂತೆವು. ನಾನು ಬ್ರಶ್ ಓಡಿಸುವುದು, ಅವರು ಪಕ್ಕದಲ್ಲಿ ಕೂತು ಹೇಳುವುದು, ಅಷ್ಟಲ್ಲ, ಇನ್ನೂ ಸ್ವಲ್ಪ ಕೆಳಗೆ, ಹುಬ್ಬು ಅಲ್ಲಿಗೆ ನಿಲ್ಲುತ್ತದೆ, ಈಗ ಸರಿ. ಅವರಿಗೆ ನಿನ್ನ ಮುಖದ ಒಂದೊಂದು ಗೆರೆಯೂ ಗೊತ್ತುಂಟು. ಮಸ್ಕತ್ತಿನ ಕ್ಯಾಂಪಿನ ರೂಮಿನಲ್ಲಿ ನೋಡಲು ಬೇರೆ ಏನಿತ್ತು ಎಂದರು. ಕೆಲವು ಫೋಟೋ ಬಂದಾಗ ಮುಂದೆ ಹೋಗದೆ ನಿಂತುಬಿಡುತ್ತಿದ್ದರು. ನೀನು ಮೂರು ವರ್ಷದವಳಿರುವಾಗ ಅವರು ಏರ್‌ಪೋರ್ಟಿನಿಂದ ಬಂದರೆ ನೀನು ಬಾಗಿಲಿನ ಹಿಂದೆ ಅಡಗಿ, ಮಮ್ಮೀ, ಯಾರೋ ಅಂಕಲ್ ಬಂದಿದ್ದಾರೆ ಎಂದು ಕೂಗಿದ್ದೆ. ಆಗಲೂ ತೆಗೆದಿದ್ದಾರೆ ಮಾರಾಯ್ತಿ, ಬಾಗಿಲಿನ ಅಂಚಿನಲ್ಲಿ ನಿನ್ನ ಒಂದು ಕಣ್ಣು ಮತ್ತು ನಾಲ್ಕು ಬೆರಳು. ಅದನ್ನು ತುಂಬ ಹೊತ್ತು ನೋಡಿ, “ಅವಳಿಗೆ ನಾನು ಅಭ್ಯಾಸ ಆಗುವಾಗ ರಜೆ ಮುಗೀತಿತ್ತು” ಎಂದರು. ನಾನು ಅವರ ಕೈ ಮೇಲೆ ಕೈ ಇಟ್ಟೆ. ಅವರು ಕೈ ತೆಗೆಯಲಿಲ್ಲ. ಆ ದಿನಗಳಲ್ಲಿ ನಾನು ವಾರ್ಡಿನಲ್ಲಿ ಹಾಡು ಗುನುಗುತ್ತಿದ್ದೆ ಎಂದು ಜೊತೆಯವರು ಹೇಳಿದರು, ನನಗೆ ಗೊತ್ತಿಲ್ಲ. ಮೋಂತಿ ಫೆಸ್ತಿನ, ಅಂದರೆ ನಮ್ಮ ತೆನೆ ಹಬ್ಬದ, ಊಟವನ್ನೂ ಈ ವರ್ಷ ಮಾತಾಡುತ್ತಾ ಮಾಡಿದೆವು, ಹೊಸ ಭತ್ತದ ಕಾಳು ಹಾಕಿದ ಪಾಯಸವನ್ನು ಅವರು ಎರಡನೆಯ ಸಲ ಕೇಳಿ ಹಾಕಿಸಿಕೊಂಡರು.

ಹಬ್ಬದ ಮರುವಾರ ಮುಖ ಹೆಚ್ಚು ಕಡಿಮೆ ತಯಾರಾಯಿತು. ಕಲೆ ಇದ್ದಲ್ಲಿ ಕಲೆ, ಕಣ್ಣು ಇದ್ದ ಹಾಗೆ ಕಣ್ಣು. ಇಬ್ಬರೂ ಹಿಂದೆ ಸರಿದು ನೋಡಿದೆವು. ಎಲೇನ್ ಹೌದು. ಆದರೆ ಶಾಲೆಯ ನಾಟಕದಲ್ಲಿ ಸಿಸ್ಟರ್ ವೇಷ ಹಾಕಿದ ಹುಡುಗಿಯ ಹಾಗೆ ಇದ್ದೆ. ಅವರಿಗೂ ಹಾಗೇ ಅನಿಸಿರಬೇಕು. ಈಗ ಅವಳು ಹೇಗಿದ್ದಾಳೆ ಎಂದು ಕೇಳಿದರು. ನೀನು ಹೋದ ಮೇಲೆ ನಿನ್ನ ವಿಷಯ ಅವರು ಕೇಳಿದ ಮೊದಲ ಪ್ರಶ್ನೆ ಅದು. ತೆಳ್ಳಗಾಗಿದ್ದಾಳಾ, ಕೆನ್ನೆ ಒಳಗೆ ಹೋಗಿದೆಯಾ. ನನಗೇ ಸರಿಯಾಗಿ ಗೊತ್ತಿರಲಿಲ್ಲ. ಆ ಕೋಣೆಯಲ್ಲಿ ಬೆಳಕು ಕಡಿಮೆ, ಮಧ್ಯೆ ಸರಳು, ನಾನು ನಿನ್ನ ಕೈ ನೋಡುತ್ತಾ ಉಪ್ಪಿನಕಾಯಿಯ ಮಾತಾಡುತ್ತೇನೆ, ಮುಖ ನೋಡಿದರೆ ಅಳು ಬರುತ್ತದೆ ಎಂದು. ಕಡೆಗೆ ನೆನಪಾದದ್ದು ಹೇಳಿದೆ, ಈಗ ಅವಳಿಗೆ ಕನ್ನಡಕ ಉಂಟು ಎಂದು.

“ಕನ್ನಡಕವಾ? ಯಾವಾಗಿನಿಂದ?”

ಕಳೆದ ವರ್ಷದಿಂದ ಎಂದೆ.

“ನನಗೆ ಯಾರೂ ಹೇಳಲಿಲ್ಲ.”

“ಕೇಳಲಿಲ್ಲ ಅಲ್ವಾ,” ಎಂದೆ ನಾನು.

ಚುಚ್ಚಬೇಕೆಂದು ಹೇಳಿದ್ದಲ್ಲ ಬಾಯ್, ಬಾಯಿಂದ ಬಂದುಹೋಯಿತು. ಅವರು ಪರದೆಯ ಮೇಲಿನ ನಿನ್ನನ್ನು ನೋಡಿದರು, ಕೈಯಾರೆ ಕೂಡಿಸಿದ ಆ ಕಣ್ಣುಗಳನ್ನು. ಇದೂ ಊಹೆಯೇ ಆಯಿತಲ್ಲ ಎಂದರು. ಲ್ಯಾಪ್‌ಟಾಪ್ ಮುಚ್ಚಿ ಬಾಲ್ಕನಿಗೆ ಹೋದರು. ಅಂದಿನಿಂದ ಮತ್ತೆ ಗ್ಯಾಸ್ ಬಂತಾ, ನೀರು ಬಂತಾ. ಮೇಜಿನಿಂದ ಹಾರ್ಡ್‌ಡಿಸ್ಕ್ ಹೋಗಿ ಕಪಾಟು ಸೇರಿತು. ಒಮ್ಮೆ ಮಾತು ಕೇಳಿದ ಮನೆಯಲ್ಲಿ ಮತ್ತೆ ಮೌನವಾದರೆ ಅದು ಮೊದಲಿನ ಮೌನಕ್ಕಿಂತ ಭಾರ. ಸಂಜೆ ತರಕಾರಿ ಹೆಚ್ಚುವಾಗ ಪಕ್ಕದ ಕುರ್ಚಿಯ ಮೇಲೆ ಕಣ್ಣು ಹೋಗುತ್ತದೆ.

ಇಂದು ತರಗತಿಯ ಕೊನೆಯ ದಿನ. ನಮ್ಮ ನಮ್ಮ ಫೋಟೋಗಳನ್ನು ಹಾಲ್‌ನ ಗೋಡೆಗೆ ಹಾಕಿ ಮನೆಯವರನ್ನು ಕರೆದಿದ್ದರು. ಸರ್ಟಿಫಿಕೇಟ್ ಕೊಟ್ಟರು. ನನ್ನದು ಪಪ್ಪನ ಬೆನ್ನಿನ ಫೋಟೋ, ಬಾಲ್ಕನಿಯ ಕಂಬಿ ಹಿಡಿದು ನಿಂತದ್ದು. ನಾನು ಊಟದ ಹೊತ್ತಿನಲ್ಲಿ ಒಂದು ಸಲ ಹೇಳಿದ್ದೆ, ನಾಲ್ಕು ಗಂಟೆಗೆ ಉಂಟು ಎಂದು. ಬರಲಿಲ್ಲ. ಉಳಿದವರ ತಂದೆ ತಾಯಿ, ಅಣ್ಣ ತಮ್ಮ ಎಲ್ಲ ಬಂದು ಹಾಲ್ ತುಂಬಿತ್ತು. ಮೆಲಿಸಾಳ ಅಜ್ಜಿಯೊಬ್ಬರು ನನ್ನ ಫೋಟೋದ ಎದುರು ನಿಂತು ಇವರು ಯಾರನ್ನು ನೋಡ್ತಾ ಇದ್ದಾರೆ ಎಂದು ಕೇಳಿದರು. ಆಸ್ಪತ್ರೆಯ ಪಾರ್ಕಿಂಗ್ ಎಂದೆ. ನಕ್ಕರು. ಚಹಾ ಕುಡಿದು, ಎಲ್ಲರಿಗೂ ಹೇಳಿ, ಲ್ಯಾಪ್‌ಟಾಪ್ ಹಿಂತಿರುಗಿಸಿ ನಡೆದು ಬಂದೆ. ಮುಂದಿನ ಆದಿತ್ಯವಾರ ಹೋಗಲು ಎಲ್ಲಿಯೂ ಇಲ್ಲ ಎಂದು ಮೆಟ್ಟಿಲು ಹತ್ತುವಾಗ ನೆನಪಾಯಿತು. ಪಪ್ಪ ಬಾಲ್ಕನಿಯಲ್ಲಿದ್ದರು. ನಾನು ಕೈಕಾಲು ತೊಳೆದು ನಿನಗೆ ಬರೆಯಲು ಕೂತೆ.

ಇಷ್ಟೇ ಸುದ್ದಿ. ನಿನ್ನ ಫೋಟೋ ನಾನು ಹೇಗಿತ್ತೋ ಹಾಗೆಯೇ ಇಟ್ಟುಕೊಂಡಿದ್ದೇನೆ, ಮಸುಕಾದದ್ದನ್ನೇ. ಅದರಲ್ಲಿ ನೀನು ಅಲುಗಿದ್ದಾದರೂ ನಿಜ. ಅಕ್ಟೋಬರಿನ ಭೇಟಿಗೆ ಎಂದಿನ ಹಾಗೆ ಒಬ್ಬಳೇ ಬರುತ್ತೇನೆ. ಈ ಸಲ ಉಪ್ಪಿನಕಾಯಿಯ ಮಾತು ಬೇಡ, ಸುಮ್ಮನೆ ನಿನ್ನ ಮುಖ ನೋಡುತ್ತಾ ಕೂರುತ್ತೇನೆ, ಅಳು ಬಂದರೆ ಬರಲಿ. ಕೆಮ್ಮಿನ ವಿಷಯ ಮರೆಯಬೇಡ. ಮಠದ ಎಲ್ಲ ಸಿಸ್ಟರುಗಳಿಗೂ ನನ್ನ ನೆನಪು ಹೇಳು, ಅಡುಗೆಮನೆಯ ವಯಸ್ಸಾದ ಸಿಸ್ಟರ್ ಅವರ ಕಾಲಿನ ಗಾಯ ಒಣಗಿತಾ ಎಂದು ಕೇಳಿದೆ ಎನ್ನು. ಮಾತೆ ಮರಿಯಾಳ ಸೆರಗು ನಿನ್ನ ಮೇಲೆ ಇರಲಿ. ನಮ್ಮಿಬ್ಬರ ಹೆಸರನ್ನೂ ನಿನ್ನ ಪ್ರಾರ್ಥನೆಯಲ್ಲಿ ಒಟ್ಟಿಗೆ ಹೇಳು.

ನಿನ್ನ ಮಮ್ಮಿ,
ಜೂಲಿ

ಮರೆತಿದ್ದೆ, ಅಲ್ಲ, ಆಗ ಗೊತ್ತೇ ಇರಲಿಲ್ಲ: ಇದು ಸೋಮವಾರ ಬೆಳಿಗ್ಗೆ ಬರೆಯುತ್ತಿರುವುದು, ಡ್ಯೂಟಿಗೆ ಹೊತ್ತಾಯಿತು, ಅಕ್ಷರ ಸರಿ ಇಲ್ಲ. ಕವರಿಗೆ ಅಂಟು ಹಾಕುವಾಗ ಪಪ್ಪ ಬಂದು ಎದುರು ನಿಂತರು. ಘಟ್ಟದ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರು. ಯಾರಿಗೆ ಎಂದೆ. ಇಬ್ಬರಿಗೆ ಎಂದರು. ಆಮೇಲೆ, “ನಾನು ಬಂದರೆ ಅವಳು ಎದ್ದು ಹೋಗುತ್ತಾಳಾ?” ಎಂದು ಕೇಳಿದರು ಬಾಯ್, ಆ ಸ್ವರ ನಾನು ಅವರಲ್ಲಿ ಇದುವರೆಗೆ ಕೇಳಿಲ್ಲ. ಭೇಟಿಗೆ ಇನ್ನೂ ಎಷ್ಟು ದಿನ ಉಂಟು, ಈಗಲೇ ಬಿಳಿ ಅಂಗಿ ಇಸ್ತ್ರಿ ಮಾಡುತ್ತಾ ನಿಂತಿದ್ದಾರೆ. ಮದರ್, ದಯವಿಟ್ಟು ಈ ಸಲ ಎರಡು ಕುರ್ಚಿ ಹಾಕಿಸಿ. ಎಲೇನ್, ಅವರಿಗೆ ಬಲಗಿವಿ ಈಗ ಸರಿ ಕೇಳುವುದಿಲ್ಲ, ಅವರ ಎಡಬದಿಗೆ ಕೂತು ಸ್ವಲ್ಪ ಗಟ್ಟಿ ಮಾತಾಡು. ಅವರಾಗಿ ಶುರು ಮಾಡಲಿ ಎಂದು ಮಾತ್ರ ಕಾಯಬೇಡ.